ಬೆಳಗಿನ ಐದೂವರೆಯವರೆಗೆ ಏಕಾದಶಿ

ವಿಷ್ಣುತೀರ್ಥರ ವೆಬ್‌ಸೈಟಿನಲ್ಲಿ ತಪ್ಪಿದೆ ಎಂದು ಮೊದಲು ಹೇಳಿದವರು ಸಿ ಬ್ಲಾಕಿನ ಅಂಬುಜಮ್ಮ, ಅದೂ ಎರಡು ದಿನ ನೀರು ಕೂಡ ಕಾಣದ ಬಾಯಿಂದ. ಎಪ್ಪತ್ತಾರು ವರ್ಷದ, ಹೆಣ್ಣುಮಕ್ಕಳ ಶಾಲೆಯಲ್ಲಿ ಜೀವಮಾನವಿಡೀ ಲೆಕ್ಕ ಕಲಿಸಿ ನಿವೃತ್ತರಾದ ಆಕೆ ದ್ವಾದಶಿಯ ಮಧ್ಯಾಹ್ನ ಮೂರು ಗಂಟೆಗೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು. ಆ ಹೊತ್ತಿಗೆ ವಿಷ್ಣುತೀರ್ಥರು ಹೊಟ್ಟೆ ತುಂಬ ಪಾರಣೆಯ ಊಟ ಮುಗಿಸಿ, ಒಂದು ನಿದ್ದೆಯನ್ನೂ ಮುಗಿಸಿ, ಎರಡನೆಯದಕ್ಕೆ ಅಣಿಯಾಗುತ್ತಿದ್ದರು. (ದ್ವಾದಶಿಯಂದು ಹಗಲು ನಿದ್ದೆ ಕೂಡದು ಎಂದು ಅವರ ವೆಬ್‌ಸೈಟಿನಲ್ಲೇ ದಪ್ಪ ಅಕ್ಷರದಲ್ಲಿದೆ.)

"ಕಾರ್ಯದರ್ಶಿಗಳೇ, ಇವತ್ತು ಏನು ತಿಥಿ?"

"ದ್ವಾದಶಿ, ಅಂಬುಜಮ್ಮನವರೇ."

"ಬೆಳಗ್ಗೆ ನಾಲ್ಕೂವರೆಗೆ ನಿಮ್ಮ ಸೈಟ್ ನೋಡಿದೆ. ‘ಇಂದು ಏಕಾದಶಿ, ನಿರ್ಜಲ ಉಪವಾಸ’ ಅಂತಿತ್ತು. ನಿನ್ನೆ ಹಗಲೆಲ್ಲಾ ಹಾಗೇ ಇತ್ತಲ್ಲಾ ಅಂದುಕೊಂಡೆ. ಅತಿರಿಕ್ತ ಉಪವಾಸ ಬಂದಿರಬೇಕು, ವರ್ಷಕ್ಕೆ ಒಂದೆರಡು ಸಲ ಎರಡೆರಡು ದಿನ ಮಾಡೋದು ಇದ್ದದ್ದೇ ಅಂತ ಜಪಕ್ಕೆ ಕೂತುಬಿಟ್ಟೆ. ಈಗ ಕೆಳಗಿಳಿದು ಬಂದರೆ ಊರೆಲ್ಲಾ ಉಂಡು ತೇಗ್ತಾ ಇದೆ!"

ಒಳಗಿನಿಂದ ವಿಷ್ಣುತೀರ್ಥರ ಹೆಂಡತಿ ರಮಾಬಾಯಿ ಓಡಿಬಂದು ಅಂಬುಜಮ್ಮನ ಕೈಹಿಡಿದು ಕೂರಿಸಿದರು. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಗೊಜ್ಜು ಇನ್ನೂ ಉಳಿದಿತ್ತು. ವಿಷ್ಣುತೀರ್ಥರು ಮಾತ್ರ ಲ್ಯಾಪ್‌ಟಾಪ್ ತೆರೆದು, ತಮ್ಮ ಸೈಟನ್ನು ಅಂಬುಜಮ್ಮನ ಮುಖಕ್ಕೆ ಹಿಡಿದರು.

"ನೋಡಿ. ‘ಇಂದು ದ್ವಾದಶಿ.’ ಅಕ್ಷರಕ್ಕಕ್ಷರ ಸರಿಯಿದೆ. ನಿಮ್ಮ ಕನ್ನಡಕವನ್ನ ಒಂದು ಸಲ..."

"ನನ್ನ ಕನ್ನಡಕಕ್ಕೆ ಹೋದ ತಿಂಗಳಷ್ಟೇ ಹೊಸ ಗಾಜು ಹಾಕಿಸಿದ್ದೀನಿ," ಎಂದರು ಅಂಬುಜಮ್ಮ. "ನಿಮ್ಮ ಸೈಟಿಗೆ ಏನು ಹಾಕಿಸಬೇಕೋ ಹಾಕಿಸಿ."

ಇಲ್ಲಿ ವಿಷ್ಣುತೀರ್ಥರ ಪರವಾಗಿ ಎರಡು ಮಾತು ಹೇಳಲೇಬೇಕು, ಯಾಕೆಂದರೆ ಅವರ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಚೆನ್ನೈಯ ಪೆರಂಬೂರಿನ ರೈಲು ಡಬ್ಬಿ ಕಾರ್ಖಾನೆಯಲ್ಲಿ ಮೂವತ್ನಾಲ್ಕು ವರ್ಷ ಅವರು ಇನ್‌ಸ್ಪೆಕ್ಟರ್. ಹೊಸ ಡಬ್ಬಿ ಹೊರಗೆ ಹೋಗುವ ಮುಂಚೆ ಹಳದಿ ಸೀಮೆಸುಣ್ಣ ಹಿಡಿದು ಹತ್ತುವುದು. ಸಡಿಲ ಸ್ಕ್ರೂ, ಗೀರು, ಮುಚ್ಚದ ಕಿಟಕಿ ಏನು ಕಂಡರೂ ಸುತ್ತ ಒಂದು ದುಂಡು ಎಳೆಯುವುದು. ಆಮೇಲೆ ರಿಜಿಸ್ಟರಿನ ಷರಾ ಕಾಲಮ್ಮಿನಲ್ಲಿ ದೋಷವೇನು, ಕಂಡವರು ಯಾರು, ಸರಿಪಡಿಸಿದವರು ಯಾರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯುವುದು. ಬಾಯಲ್ಲಿ ಆಗೀಗ ಒಂದೆರಡು ಹೆಚ್ಚುಕಮ್ಮಿ ಆಡಿರಬಹುದು, ಷರಾ ಕಾಲಮ್ಮಿನಲ್ಲಿ ಮಾತ್ರ ಒಂದಕ್ಷರ ಸುಳ್ಳು ಬರೆದವರಲ್ಲ. ಈ ಹೆಮ್ಮೆ ಅವರಿಗೆ ಬೋನಸ್ಸಿಗಿಂತ ದೊಡ್ಡದಾಗಿತ್ತು.

ನಿವೃತ್ತಿಯ ದಿನ ಕಾರ್ಖಾನೆಯವರು ಹಾರ ಹಾಕಿದರೇ ಹೊರತು ಸೀಮೆಸುಣ್ಣವನ್ನು ವಾಪಸು ಪಡೆಯಲಿಲ್ಲ. ಅದರ ಫಲ ರಮಾಬಾಯಿ ಅನುಭವಿಸಿದರು. ಮೊದಲ ವಾರ ವೆಟ್ ಗ್ರೈಂಡರಿನ ಮೇಲೆ ಹಳದಿ ದುಂಡು. ಎರಡನೆಯ ವಾರ ಬಚ್ಚಲ ಗೋಡೆಯ ಮೇಲೆ ಹದಿನಾಲ್ಕು ದುಂಡು. ಮೂರನೆಯ ವಾರ ಬಾಗಿಲ ಮುಂದಿನ ರಂಗೋಲಿಯಲ್ಲಿ ಒಂದು ಚುಕ್ಕಿ ತಪ್ಪಿದೆಯೆಂದು ಅಲ್ಲೂ ಒಂದು ದುಂಡು ಎಳೆದಾಗ ರಮಾಬಾಯಿ ಸೀಮೆಸುಣ್ಣವನ್ನು ಕಸಿದುಕೊಂಡು ಎರಡು ತುಂಡು ಮಾಡಿ, "ಎಲ್ಲಾದರೂ ಹೋಗಿ ಏನಾದರೂ ಕಲೀರಿ, ಚುಮ್ಮಾ ನನ್ನ ಹಿಂದೆ ಸುತ್ತಬೇಡಿ" ಎಂದು ಅಪ್ಪಣೆ ಕೊಟ್ಟರು. ಹಾಗೆ ವಡಪಳನಿಯಲ್ಲಿ ಆರು ವಾರದ ತರಗತಿಗೆ ಹೋಗಿ ವೆಬ್‌ಸೈಟ್ ಮಾಡುವ ವಿದ್ಯೆ ಕಲಿತು ಬಂದರು. ಅಲ್ಲಿ ಪಾಠ ಹೇಳಿದಾಕೆ, ಪ್ರತಿ ಸಾಲಿನ ಪಕ್ಕದಲ್ಲೂ ಅದು ಯಾಕಿದೆ ಎಂದು ನಿಮ್ಮ ಭಾಷೆಯಲ್ಲೇ ಟಿಪ್ಪಣಿ ಬರೆದಿಡಿ, ಕಂಪ್ಯೂಟರ್ ಅದನ್ನು ಓದುವುದಿಲ್ಲ ಎಂದಿದ್ದಳು. ವಿಷ್ಣುತೀರ್ಥರಿಗೆ ಸ್ವರ್ಗವೇ ಸಿಕ್ಕಿತು. ಒಂದೊಂದು ಸಾಲಿಗೂ ಒಂದೊಂದು ಷರಾ.

ಹೀಗೆ ಹುಟ್ಟಿದ್ದು ವೇಲಚೇರಿ ಮಾಧ್ವ ಮಂಡಳಿಯ ವೆಬ್‌ಸೈಟ್. ಸುತ್ತಮುತ್ತಲಿನ ಇನ್ನೂರು ಮನೆಯವರು ದಿನ ಬೆಳಗಾದರೆ ಅದನ್ನು ತೆರೆದು ತಾರೀಖು, ತಿಥಿ, ಉಪವಾಸವೋ ಊಟವೋ, ಪಾರಣೆ ಎಷ್ಟು ಹೊತ್ತಿಗೆ ಎಂದು ನೋಡುತ್ತಿದ್ದರು. ನಾಲ್ಕರಿಂದ ಆರರ ನಡುವೆ ತೆರೆದವರಿಗೆ ಮಾತ್ರ ಮೇಲ್ಗಡೆ ಕೇಸರಿ ಬಣ್ಣದಲ್ಲಿ ಒಂದು ಸಾಲು ಕಾಣುತ್ತಿತ್ತು: "ಬ್ರಾಹ್ಮೀ ಮುಹೂರ್ತ. ನಾನು ಎದ್ದಾಯಿತು, ನೀವು? — ಕಾರ್ಯದರ್ಶಿ." ಇದನ್ನು ನೋಡಿ ಹಿರಿಯರು, ಎಂಥ ಶಿಸ್ತಿನ ಮನುಷ್ಯ, ಒಂದು ದಿನವೂ ತಪ್ಪಿಸಿಲ್ಲವಲ್ಲ ಎಂದು ಕೊಂಡಾಡುತ್ತಿದ್ದರು. ಆ ಹೊತ್ತಿನಲ್ಲಿ ಶಿಸ್ತಿನ ಮನುಷ್ಯ ಮಗ್ಗುಲು ಬದಲಾಯಿಸುತ್ತಿದ್ದರು. ಅವರಿಗೆ ಬೆಳಗಾಗುತ್ತಿದ್ದದ್ದು ಏಳು ಗಂಟೆಗೆ, ಅದೂ ಕಾಫಿಯ ವಾಸನೆ ಮಂಚದವರೆಗೆ ಬಂದರೆ.

ಅಂಬುಜಮ್ಮನ ಉಪವಾಸದ ಸುದ್ದಿ ಸಂಜೆಯೊಳಗೆ ಮಂಡಳಿಯ ಅಧ್ಯಕ್ಷರಾದ ಉಪೇಂದ್ರರ ಕಿವಿ ತಲುಪಿತು.

"ವಿಷ್ಣುತೀರ್ಥರೇ, ಮುಂದಿನ ದ್ವಾದಶಿ ಬಹಳ ಚಿಕ್ಕದು," ಎಂದರು ಅವರು ಫೋನಿನಲ್ಲಿ. "ಆರೂ ಇಪ್ಪತ್ತರೊಳಗೆ ಪಾರಣೆ ಮುಗಿಸಬೇಕು. ನಾಲ್ಕು ಗಂಟೆಗೇ ಒಲೆ ಹಚ್ಚಬೇಕಾದವರು ನಿಮ್ಮ ಸೈಟ್ ನೋಡಿ ಉಪವಾಸ ಅಂತ ಕೂತರೆ ಗತಿಯೇನು? ಹದಿನೈದು ದಿನ ಟೈಮ್ ಕೊಡ್ತೀನಿ. ಆಗಲಿಲ್ಲ ಅಂದರೆ ಸೈಟ್ ಮುಚ್ಚಿ, ಮೊದಲಿನ ಹಾಗೆ ಲಿಫ್ಟಿನ ಪಕ್ಕ ಹಾಳೆ ಅಂಟಿಸೋಣ."

ಲಿಫ್ಟಿನ ಪಕ್ಕ ಹಾಳೆ! ತಮ್ಮ ಕೈಯಿಂದ ಹೊರಗೆ ಹೋದದ್ದು ಯಾವುದೂ ವಾಪಸು ಬಂದದ್ದಿಲ್ಲ ಎಂದು ಎದೆ ತಟ್ಟಿಕೊಂಡು ಬದುಕಿದ ಮನುಷ್ಯ ಅವರು. ಆ ರಾತ್ರಿ ಅನ್ನ ರುಚಿಸಲಿಲ್ಲ.

ಮಗಳು ಸಂಹಿತಾ ಹತ್ತಿರದ ಐಟಿ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದೇ ಅವಳ ಕೆಲಸ. (ಅಪ್ಪನ ರಕ್ತ.) ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಾತ್ರ ತಮಿಳು. ಅವಳೇ ಅಪ್ಪನಿಗೆ ಪರದೆಯ ಮೇಲೆ ಮೌಸಿನ ಬಲಗುಂಡಿ ಒತ್ತಿ ತೋರಿಸಿದಳು. ಪಟ್ಟಿಯ ಕೊನೆಯಲ್ಲಿ ‘ಇನ್‌ಸ್ಪೆಕ್ಟ್’ ಎಂದಿತ್ತು.

"ಇದು ನನ್ನ ಹುದ್ದೆ!" ಎಂದು ಉದ್ಗರಿಸಿದರು ವಿಷ್ಣುತೀರ್ಥರು. ಅದನ್ನು ಒತ್ತಿದ ಕೂಡಲೇ ವೆಬ್‌ಸೈಟಿನ ಹೊಟ್ಟೆಯೊಳಗಿದ್ದದ್ದೆಲ್ಲ ಪಕ್ಕದಲ್ಲಿ ತೆರೆದುಕೊಂಡಿತು. ಕನ್ಸೋಲ್ ಎಂಬ ಭಾಗದಲ್ಲಿ ಏಳು ಸಾಲು ಕೆಂಪಗೆ ನಿಂತಿದ್ದವು. ಕೆಂಪು ಕಂಡ ಮೇಲೆ ರೈಲ್ವೆ ಮನುಷ್ಯ ಸುಮ್ಮನಿರುತ್ತಾನೆಯೇ? ಮೂರು ದಿನ ಮಧ್ಯಾಹ್ನದ ನಿದ್ದೆ ಬಿಟ್ಟು ಒಂದೊಂದನ್ನೇ ಹಿಡಿದು ಸರಿಮಾಡಿದರು. ಸಿಗದಿದ್ದ ಶಂಖದ ಚಿತ್ರ ಸಿಕ್ಕಿತು, ಮುಚ್ಚದಿದ್ದ ಆವರಣ ಮುಚ್ಚಿತು, ಎಲ್ಲಿಗೂ ಹೋಗದಿದ್ದ ಕೊಂಡಿ ಎಲ್ಲಿಗೋ ಹೋಯಿತು. ಏಳೂ ಕೆಂಪು ಅಳಿಸಿದ ಸಂಜೆ ಮಂಡಳಿಯ ವಾಟ್ಸಾಪ್ ಗುಂಪಿಗೆ ಘನ ಗಂಭೀರವಾಗಿ ಬರೆದರು: "ಸಕಲ ದೋಷಗಳೂ ಸಮೂಲ ನಿವಾರಣೆಯಾಗಿವೆ."

ಮರುದಿನ ಬೆಳಗ್ಗೆ ಅಂಬುಜಮ್ಮನ ಉತ್ತರ ಬಂದಿತ್ತು: "ನಾಲ್ಕೂವರೆಗೆ ನೋಡಿದೆ. ನಿನ್ನೆಯ ತಾರೀಖೇ ಇದೆ. ಸಮೂಲವೂ ಇದೆ."

ವಿಷ್ಣುತೀರ್ಥರು ಇದನ್ನು ಓದಿದ್ದು ಎಂಟು ಗಂಟೆಗೆ. ಕೂಡಲೇ ಸೈಟ್ ನೋಡಿದರು. ತಾರೀಖು ಸರಿಯಿತ್ತು. ಹತ್ತಕ್ಕೆ ನೋಡಿದರು, ಸರಿ. ಹನ್ನೆರಡಕ್ಕೆ, ಸರಿ. ಐದಾರು ದಿನ ಹಗಲೆಲ್ಲ ಹೀಗೇ ನೋಡಿ ನೋಡಿ, ಆಕೆ ಬೇಕೆಂದೇ ಸತಾಯಿಸುತ್ತಿದ್ದಾರೆ ಎಂಬ ತೀರ್ಮಾನಕ್ಕೆ ಬಂದರು.

"ಅಪ್ಪಾ, ತಪ್ಪೈ ಮೊದಲ್ಲೆ ಕಣ್ಣಾಲೆ ಪಾಕ್ಕಣುಂ," ಎಂದಳು ಸಂಹಿತಾ. ತಪ್ಪನ್ನು ಮೊದಲು ಕಣ್ಣಾರೆ ನೋಡಬೇಕು ಎಂದು ಅದರ ಅರ್ಥ. "ಪಾಕ್ಕಾಮ ಎಪ್ಪಡಿ ಸರಿ ಪಣ್ಣುವೀಂಗ?" ನೋಡದೆ ಹೇಗೆ ಸರಿಮಾಡುತ್ತೀರಿ ಎಂದು.

"ಕಾಣಿಸಿದರೆ ತಾನೇ ನೋಡೋದು!"

ಅಷ್ಟು ಹೊತ್ತೂ ಹುರುಳಿಕಾಯಿ ಹೆಚ್ಚುತ್ತ ಕೂತಿದ್ದ ರಮಾಬಾಯಿ ಕೈ ಒರೆಸಿಕೊಂಡು ಎದ್ದರು.

"ಏನ್ರೀ, ನಾನೊಂದು ಹೇಳಲಾ?"

"ನಿನಗೆ ಇದೆಲ್ಲಾ ಅರ್ಥ ಆಗಲ್ಲ, ರಮಾ. ಇದು ಟೆಕ್ನಿಕಲ್ಲು."

"ನನಗೆ ಅರ್ಥ ಆಗೋದು ಬೇಡ. ಕಣ್ಣಿಗೆ ಕಂಡದ್ದು ಹೇಳ್ತೀನಿ, ಅರ್ಥ ನೀವೇ ಮಾಡ್ಕೊಳ್ಳಿ."

ಅವರು ತಂದು ಮೇಜಿನ ಮೇಲಿಟ್ಟದ್ದು ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರಿನ ಒಂಬತ್ತು ಹಾಳೆ. ರಮಾಬಾಯಿ ಏಳುವುದು ನಾಲ್ಕಕ್ಕೆ. ಎದ್ದ ಕೂಡಲೇ ನಿನ್ನೆಯ ಹಾಳೆ ಹರಿದು, ಅಡುಗೆಮನೆಯ ಕಪಾಟಿನ ಮೇಲೆ ಹಳೆಯ ಟ್ಯಾಬ್ಲೆಟ್ಟಿನಲ್ಲಿ ಗಂಡನ ಸೈಟನ್ನು ತೆರೆದಿಟ್ಟು ಸ್ನಾನಕ್ಕೆ ಹೋಗುತ್ತಾರೆ. ಆಮೇಲೆ ಮಡಿಯಲ್ಲಿರುವಾಗ ಅದನ್ನು ಮುಟ್ಟುವಂತಿಲ್ಲ, ಆದರೆ ನೋಡುವುದಕ್ಕೆ ಅಡ್ಡಿಯಿಲ್ಲ. ಹತ್ತು ನಿಮಿಷಕ್ಕೊಮ್ಮೆ ಪುಟ ತಾನೇ ಹೊಸದಾಗುವಂತೆ ವಿಷ್ಣುತೀರ್ಥರೇ ಮಾಡಿಟ್ಟಿದ್ದರು. ಹಾಗೆ ಕಂಡದ್ದನ್ನೆಲ್ಲ ನೆನಪಿಟ್ಟುಕೊಂಡು ಪೂಜೆ ಮುಗಿದ ಮೇಲೆ ಹರಿದ ಹಾಳೆಯ ಬೆನ್ನಿಗೆ ಬರೆದಿದ್ದರು. "ನಾಲ್ಕೂ ಹತ್ತು, ನಿನ್ನೆ. ನಾಲ್ಕೂ ಐವತ್ತು, ನಿನ್ನೆ. ಐದೂ ಇಪ್ಪತ್ತು, ನಿನ್ನೆ. ಹಾಲು ಬಂತು. ಐದೂವರೆ, ಇವತ್ತು." ಒಂಬತ್ತು ಹಾಳೆಯಲ್ಲೂ ಇದೇ.

"ಅಂಬುಜಮ್ಮ ಹೇಳಿ ಹೋದ ಮಾರನೇ ದಿನದಿಂದ ಬರೆದಿಟ್ಟಿದ್ದೀನಿ," ಎಂದರು ರಮಾಬಾಯಿ. "ನಾನು ಕ್ಯಾಲೆಂಡರಿಂದ ಹರಿದು ಹಾಕಿದ ತಾರೀಖನ್ನ ನಿಮ್ಮ ಸೈಟು ಹಾಲಿನ ಪ್ಯಾಕೆಟ್ ಬರೋವರೆಗೂ ಬಿಡಲ್ಲ. ಏಳು ಗಂಟೆಗೆದ್ದು ಹುಡುಕಿದರೆ ತಪ್ಪೇನು ನಿಮಗೋಸ್ಕರ ಕಾಯ್ತಾ ಕೂತಿರುತ್ತಾ?"

ಸಂಹಿತಾ ಒಂಬತ್ತು ಹಾಳೆಯನ್ನೂ ತಿರುಗಿಸಿ ನೋಡಿದಳು. ಅವಳ ಮುಖದಲ್ಲಿ ಮೂಡಿದ ಭಕ್ತಿ ಆಫೀಸಿನ ಯಾವ ಮ್ಯಾನೇಜರಿಗೂ ಸಿಕ್ಕಿರಲಾರದು. ತಾಯಿ ಮಗಳು ಒಳಗೆ ಹೋಗಿ ಏನೋ ಪಿಸುಗುಟ್ಟಿಕೊಂಡರು. ಹೊರಗೆ ಬಂದ ಮಗಳು, ಬೆಳಗ್ಗೆ ನಾಲ್ಕೂವರೆಗೆ ಎದ್ದು ನೋಡದೆ ಬೇರೆ ದಾರಿಯೇ ಇಲ್ಲ ಎಂದು ತೀರ್ಪು ಕೊಟ್ಟಳು.

ಮೊದಲ ದಿನ ಅಲಾರಂ ಹೊಡೆಯಿತು, ವಿಷ್ಣುತೀರ್ಥರು ಅದನ್ನು ಹೊಡೆದರು. ಎರಡನೆಯ ದಿನ ಎದ್ದು ಕೂತರು, ಕೂತಲ್ಲೇ ಗೊರಕೆ ಹೊಡೆದರು. ಮೂರನೆಯ ದಿನ ರಮಾಬಾಯಿ ಮಾತಿಲ್ಲದೆ ಫ್ಯಾನ್ ಆರಿಸಿದರು. ಚೆನ್ನೈಯಲ್ಲಿ ಫ್ಯಾನ್ ನಿಂತ ಮೇಲೂ ಮಲಗಿರುವ ಗಂಡಸು ಇನ್ನೂ ಹುಟ್ಟಿಲ್ಲ.

ಹಿಂದಿನ ಸಂಜೆಯೇ ಸಂಹಿತಾ ತಾರೀಖು ಲೆಕ್ಕ ಹಾಕುವ ಸಾಲಿನ ಮುಂದೆ ಬ್ರೇಕ್‌ಪಾಯಿಂಟ್ ಎಂಬ ಗುರುತು ಇಟ್ಟಿದ್ದಳು. ಪ್ರೋಗ್ರಾಮ್ ಓಡುತ್ತಾ ಬಂದು ಅಲ್ಲಿ ಗಕ್ಕನೆ ನಿಲ್ಲುತ್ತದೆ. ಆಗ ಒಳಗೆ ಏನಿದೆಯೋ ಇಣುಕಿ ನೋಡಬಹುದು. ವಿಷ್ಣುತೀರ್ಥರಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ. "ಸಿಗ್ನಲ್ ಕೆಂಪಾಯಿತು, ಗಾಡಿ ನಿಂತಿತು, ನಾನು ಹತ್ತಿದೆ," ಎಂದು ಕಣ್ಣುಜ್ಜಿಕೊಂಡು ಇಣುಕಿದರು. ಇಪ್ಪತ್ತೆರಡು ಎಂದಿರಬೇಕಾದ ಕಡೆ ಇಪ್ಪತ್ತೊಂದು ಎಂದಿತ್ತು.

"ಸಿಕ್ಕಿತು! ರಮಾ, ಸಿಕ್ಕಿತು! ಸೀಮೆಸುಣ್ಣ ಎಲ್ಲಿ?"

ಲ್ಯಾಪ್‌ಟಾಪಿನ ಪರದೆಯ ಮೇಲೆ ದುಂಡು ಎಳೆಯದಂತೆ ಅವರ ಕೈ ಹಿಡಿಯಬೇಕಾಯಿತು. ಆಕಳಿಸುತ್ತ ಬಂದ ಸಂಹಿತಾ ಕಾರಣ ವಿವರಿಸಿದಳು. ತರಗತಿಯಲ್ಲಿ ಅಪ್ಪ ನಕಲು ಮಾಡಿಕೊಂಡ ಆ ಸಾಲು ತಾರೀಖನ್ನು ಇಲ್ಲಿಯ ಗಡಿಯಾರದಿಂದ ತೆಗೆದುಕೊಳ್ಳುತ್ತಿರಲಿಲ್ಲ, ಇಂಗ್ಲೆಂಡಿನ ಗ್ರೀನಿಚ್ ಗಡಿಯಾರದಿಂದ ತೆಗೆದುಕೊಳ್ಳುತ್ತಿತ್ತು. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಐದೂವರೆಯವರೆಗೆ ಅಲ್ಲಿ ಇನ್ನೂ ನಿನ್ನೆಯೇ. ತಡವಾಗಿ ಏಳುವವರಿಗೆ ಈ ತಪ್ಪು ಆಯುಷ್ಯವಿಡೀ ಕಾಣುವುದಿಲ್ಲ. ನಾಲ್ಕಕ್ಕೆ ಏಳುವ ಆಸ್ತಿಕರಿಗೆ ಮಾತ್ರ ದಿನವೂ ದರ್ಶನ.

"ಅಂದರೆ ಪಾಪ, ಅಂಬುಜಮ್ಮ ಮಾಡಿದ್ದು ಇಂಗ್ಲೆಂಡಿನ ಏಕಾದಶಿ," ಎಂದರು ರಮಾಬಾಯಿ.

ಒಂದೇ ಸಾಲು ಬದಲಾಯಿಸಿದ್ದಾಯಿತು. ವಿಷ್ಣುತೀರ್ಥರು ಪಕ್ಕದಲ್ಲಿ ತಪ್ಪದೆ ಷರಾ ಬರೆದರು.

ಚಿಕ್ಕ ದ್ವಾದಶಿ ಬಂತು. ನಾಲ್ಕೂ ಕಾಲಿಗೆ ಇನ್ನೂರು ಮನೆಗಳಲ್ಲಿ ‘ಇಂದು ದ್ವಾದಶಿ, ಪಾರಣೆ ಆರೂ ಇಪ್ಪತ್ತರೊಳಗೆ’ ಎಂದು ಕಂಡಿತು. ಆ ಬ್ಲಾಕಿನಿಂದ ಈ ಬ್ಲಾಕಿನವರೆಗೆ ಕತ್ತಲಲ್ಲೇ ಕುಕ್ಕರುಗಳು ಕೂಗಿದವು. ಬಾಲ್ಕನಿಯಲ್ಲಿ ನಿಂತು ಅದನ್ನು ಕೇಳುತ್ತಿದ್ದ ವಿಷ್ಣುತೀರ್ಥರ ಎದೆ ಉಬ್ಬಿತು. ಮೂವತ್ನಾಲ್ಕು ವರ್ಷ ತಾವು ದುಂಡು ಹಾಕಿ ಕಳಿಸಿದ ಡಬ್ಬಿಗಳಲ್ಲಿ ಯಾರು ಕೂತು ಎಲ್ಲಿಗೆ ಹೋದರೋ ಅವರಿಗೆ ಗೊತ್ತಿಲ್ಲ. ಈ ಕುಕ್ಕರುಗಳ ಕೂಗು ಮಾತ್ರ ತಮ್ಮ ಕೆಲಸದ್ದೇ ಎಂದು ಅವರಿಗೆ ಗೊತ್ತಿತ್ತು, ಕಣ್ಣಲ್ಲಿ ನೀರೂ ಬಂತು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಭಾನುವಾರ ಸಂಜೆ ಅಪಾರ್ಟ್‌ಮೆಂಟಿನ ಹಾಲಿನಲ್ಲಿ ಸಭೆ ಕರೆದು ಕಾರ್ಯದರ್ಶಿಗಳಿಗೆ ಶಾಲು ಹೊದಿಸುತ್ತೇವೆ ಎಂದು ಉಪೇಂದ್ರರು ಸಾರಿದರು. ಸುಮ್ಮನೆ ಶಾಲು ಹೊದ್ದು ಬರುವ ಜಾಯಮಾನ ವಿಷ್ಣುತೀರ್ಥರದಲ್ಲ. ದೋಷವನ್ನು ಹಿಡಿದ ಬಗೆಯನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತೇನೆಂದು ಪ್ರೊಜೆಕ್ಟರ್ ಹಾಕಿಸಿದರು.

"ಮಹನೀಯರೇ, ಎಂದಿನಂತೆ ನಾನು ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು," ಎಂದು ಆರಂಭಿಸಿದರು. ಮೂರನೆಯ ಸಾಲಿನಲ್ಲಿ ಕೂತಿದ್ದ ರಮಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "...ಸೈಟನ್ನು ಸೂಕ್ಷ್ಮವಾಗಿ ಗಮನಿಸುತ್ತಿದ್ದಾಗ, ಬೆಳಗಿನ ಐದೂವರೆಯ ಮರ್ಮ ನನಗೆ ಥಟ್ಟನೆ ಹೊಳೆಯಿತು! ಬನ್ನಿ, ಒಳಗೆ ಕರೆದೊಯ್ಯುತ್ತೇನೆ." ಬಲಗುಂಡಿ ಒತ್ತಿದರು, ಇನ್‌ಸ್ಪೆಕ್ಟ್ ಎಂದರು, ಸಿಗ್ನಲ್ ಕೆಂಪು ಮಾಡಿ ಗಾಡಿ ನಿಲ್ಲಿಸಿದರು. ಆರಡಿ ಪರದೆಯ ಮೇಲೆ ಆ ಸಾಲು ಮೂಡಿತು. ಅದರ ಪಕ್ಕದಲ್ಲಿ ಕನ್ನಡವೂ ಮೂಡಿತು.

ಕಂಪ್ಯೂಟರ್ ಓದುವುದಿಲ್ಲ, ನಿಜ. ಹೊಸ ಗಾಜು ಹಾಕಿಸಿದ ಅಂಬುಜಮ್ಮ ಓದುತ್ತಾರೆ.

"‘ಷರಾ,’" ಎಂದು ಪಾಠ ಓದಿಸುವ ದನಿಯಲ್ಲಿ ಶುರುಮಾಡಿದರು ಅವರು. "‘ದೋಷ: ಇಂಗ್ಲೆಂಡಿನ ತಾರೀಖು ತೋರಿಸುತ್ತಿತ್ತು. ಕಂಡುಹಿಡಿದವರು: ರಮಾಬಾಯಿ. ಸಾಧನ: ಕ್ಯಾಲೆಂಡರ್ ಹಾಳೆ ಒಂಬತ್ತು, ಹಾಲಿನ ಪ್ಯಾಕೆಟ್.’ ಅಲ್ಲಾ, ಥಟ್ಟನೆ ಹೊಳೆದದ್ದು ನಿಮಗಲ್ಲವೇ?"

ವಿಷ್ಣುತೀರ್ಥರು ಗಾಬರಿಯಲ್ಲಿ ಏನೋ ಒತ್ತಿದರು. ಅಕ್ಷರಗಳು ಎರಡರಷ್ಟು ದೊಡ್ಡದಾದವು.

"ತಡೀರಿ, ಕೆಳಗಿನ ಸಾಲಿಗೂ ಒಂದು ಷರಾ ಇದೆ. ‘ನಾನು ಎದ್ದಾಯಿತು ಎಂಬುದು ನಾಲ್ಕರಿಂದ ಆರರವರೆಗೆ ತಾನೇ ಬರುವುದು. ಕಾರಣ: ಆ ಹೊತ್ತಿಗೆ ಕಾರ್ಯದರ್ಶಿ ಎದ್ದಿರುವುದಿಲ್ಲ.’"

ಓದಿ ಮುಗಿಸಿ ಅಂಬುಜಮ್ಮನೇ ಮೊದಲು ನಕ್ಕರು, ಹಿಂದೆಯೇ ಇಡೀ ಸಭೆ ನಕ್ಕಿತು. ವಿಷ್ಣುತೀರ್ಥರ ಮುಖ ಕನ್ಸೋಲಿಗಿಂತ ಕೆಂಪಾಯಿತು. ಇದು ಹಳೆಯ ಟಿಪ್ಪಣಿ, ತಮಾಷೆಗೆ ಬರೆದದ್ದು ಎಂದು ಹೇಳಿ ಪಾರಾಗಬಹುದಿತ್ತು; ಮಾತು ನಾಲಗೆಯ ತುದಿಗೂ ಬಂದಿತ್ತು. ಆದರೆ ಮೇಲೆ ನೋಡಿದರೆ ತಮ್ಮದೇ ಷರಾ, ತಮ್ಮದೇ ಭಾಷೆ. ಮೂವತ್ನಾಲ್ಕು ವರ್ಷ ಅಲ್ಲಿ ಸುಳ್ಳು ಬರೆಯದವರು ಇಂದು ಅದನ್ನೇ ಸುಳ್ಳು ಎನ್ನುವುದು ಹೇಗೆ?

"ಷರಾದಲ್ಲಿ ಇರೋದು ಸರಿ," ಎಂದರು ವಿಷ್ಣುತೀರ್ಥರು. "ನಾನು ಹೇಳಿದ್ದು ತಪ್ಪು. ಶಾಲು ಅವಳಿಗೆ ಹೊದಿಸಿ."

ರಮಾಬಾಯಿ ಬೇಡ ಬೇಡವೆನ್ನುತ್ತಲೇ ಬಂದರು. ಅಂಬುಜಮ್ಮ ಶಾಲು ಹೊದಿಸಿದರು. ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದವರು ವಿಷ್ಣುತೀರ್ಥರು. ಹೆಂಡತಿಯ ಬಗ್ಗೆ ಅವರಿಗೆ ಅಷ್ಟು ಹೆಮ್ಮೆಯಾದದ್ದು ಮದುವೆಯಾದ ಮೇಲೆ ಅದೇ ಮೊದಲೇನಲ್ಲ, ನಾಲ್ಕು ಜನರ ಮುಂದೆ ತೋರಿಸಿದ್ದು ಮಾತ್ರ ಮೊದಲು.

"ಸೈಟ್ ಇರಲಿ," ಎಂದು ಉಪೇಂದ್ರರು ಅಧ್ಯಕ್ಷೀಯ ಅಪ್ಪಣೆ ಕೊಟ್ಟರು. "ಆ ಕೇಸರಿ ಸಾಲೂ ಇರಲಿ, ಚೆನ್ನಾಗಿದೆ. ಆದರೆ ಇನ್ನು ಅದು ತಾನಾಗಿ ಬರಕೂಡದು. ದಿನಾ ನಾಲ್ಕೂವರೆಗೆ ಕಾರ್ಯದರ್ಶಿಗಳು ಎದ್ದು ತಾರೀಖು ಪರೀಕ್ಷೆ ಮಾಡಿ, ತಮ್ಮ ಕೈಯಾರೆ ಗುಂಡಿ ಒತ್ತಿದರೆ ಮಾತ್ರ ಬರಬೇಕು."

"ಬರದಿದ್ದ ದಿನ ನಾನು ಫೋನ್ ಮಾಡ್ತೀನಿ," ಎಂದರು ಅಂಬುಜಮ್ಮ.

ಮನೆಗೆ ಬರುವಾಗ ಲಿಫ್ಟಿನಲ್ಲಿ ಸಂಹಿತಾ ಮೆಲ್ಲನೆ ಬಾಯಿಬಿಟ್ಟಳು. ಆ ತಪ್ಪನ್ನು ನೋಡಲು ನಾಲ್ಕೂವರೆಗೆ ಏಳಲೇಬೇಕಾಗಿರಲಿಲ್ಲ. ಲ್ಯಾಪ್‌ಟಾಪಿನ ಗಡಿಯಾರವನ್ನು ನಾಲ್ಕೂವರೆಗೆ ತಿರುಗಿಸಿ ಮಧ್ಯಾಹ್ನವೇ ನೋಡಬಹುದಿತ್ತು.

"ಅಯ್ಯೋ, ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ಅಮ್ಮಾ ದಾನ್ ಸೊಲ್ಲಾದೇನ್ನಾ." ಅಮ್ಮನೇ ಹೇಳಬೇಡ ಎಂದಳು.

ರಮಾಬಾಯಿ ಶಾಲಿನ ಅಂಚನ್ನು ಸರಿಮಾಡಿಕೊಳ್ಳುತ್ತ ಲಿಫ್ಟಿನ ನಂಬರುಗಳನ್ನು ನೋಡುತ್ತಿದ್ದರು. ಮದುವೆಯಾಗಿ ಮೂವತ್ತೊಂದು ವರ್ಷ ಬಾಯಿಮಾತಿನಲ್ಲಿ ಆಗದ ಕೆಲಸ ಅವರಿಗೆ ಹದಿನೈದೇ ದಿನದಲ್ಲಿ ಆಗಿತ್ತು.

ಮರುದಿನ ಬೆಳಗ್ಗೆ ನಾಲ್ಕೂ ಇಪ್ಪತ್ತೈದಕ್ಕೆ ಫ್ಯಾನ್ ನಿಂತಿತು. ವಿಷ್ಣುತೀರ್ಥರು ಎದ್ದರು, ತಾರೀಖು ನೋಡಿದರು, ಗುಂಡಿ ಒತ್ತಿದರು. ಕೇಸರಿ ಸಾಲು ಇನ್ನೂರು ಮನೆಗಳಲ್ಲಿ ಮೂಡಿತು, ಈ ಸಲ ಸತ್ಯವಾಗಿ. ಆಮೇಲೆ ಕಣ್ಣು ಎಳೆಯುತ್ತಿದ್ದರೂ ಬಿಡದೆ, ಹೊಸ ಸಾಲಿನ ಪಕ್ಕದಲ್ಲಿ ಬರೆದರು: "ಷರಾ: ಕಾರ್ಯದರ್ಶಿ ಎದ್ದಿದ್ದಾರೆ. ಎಬ್ಬಿಸಿದವರು: ರಮಾಬಾಯಿ."